ಇಬ್ಬರನ್ನು ಕೇಳುತ್ತಿದ್ದ ಅಕ್ಕೋರು

ನಮ್ಮ ಕಾಲೇಜಿನ ಇತಿಹಾಸದ ಅಕ್ಕೋರು ಯಾವ ಪ್ರಶ್ನೆಯನ್ನೂ ಒಬ್ಬರಿಗೇ ಕೇಳಿ ಬಿಟ್ಟವರಲ್ಲ. ಗಂಟೆ ಎಷ್ಟಾಯಿತು ಎಂದು ನನ್ನನ್ನು ಕೇಳುವರು. ನಾನು ಹೇಳಿ ಇನ್ನೂ ಬಾಯಿ ಮುಚ್ಚಿರುವುದಿಲ್ಲ, ಬಾಗಿಲಲ್ಲಿ ಹಾದುಹೋಗುತ್ತಿದ್ದ ಸಿಪಾಯಿಯನ್ನು ಕರೆದು ಅದನ್ನೇ ಕೇಳುವರು. ಎರಡೂ ಉತ್ತರ ಕೂಡಿ ಬಂದರೆ "ಹೂಂ" ಎನ್ನುವರು. ಬರದಿದ್ದರೆ ಮೂರನೆಯವರ ಹುಡುಕಾಟ ಶುರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ.

ಒಮ್ಮೆ ನನಗೂ ಸಿಟ್ಟು ಬಂತು. "ಯಾಕ್ರಿ ಅಕ್ಕೋರ, ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದೆ.

"ಐತಿ ಬೇ. ಅದಕ್ಕಽ ಮೊದಲ ನಿನ್ನ ಕೇಳತೀನಿ" ಎಂದರು.

ಕಳೆದ ತಿಂಗಳು ಅವರು ನಿವೃತ್ತರಾದರು. ಬನಹಟ್ಟಿಯ ನಮ್ಮ ಪಿಯು ಕಾಲೇಜಿನ ಸಭೆಯಲ್ಲಿ ಮಾತಾಡಿದವರೆಲ್ಲ "ಸಹನಾಮೂರ್ತಿ", "ಮುಗ್ಧ ಮನಸ್ಸು" ಎಂದು ಹೊಗಳಿದ್ದೇ ಹೊಗಳಿದ್ದು. ಅಯ್ಯ, ಮುಗ್ಧ ಮನಸ್ಸಂತೆ! ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತ ನನ್ನನ್ನು ಮಾತ್ರ ಯಾರೂ ಮಾತಾಡಿ ಎನ್ನಲಿಲ್ಲ. ಎಂದಿದ್ದರೆ ಇಡೀ ರಬಕವಿ-ಬನಹಟ್ಟಿಯಲ್ಲಿ ಅವರಷ್ಟು ಸಂಶಯದ ಹೆಣ್ಣುಮಗಳು ಇನ್ನೊಬ್ಬಳಿಲ್ಲ ಎಂದು ಹೇಳುತ್ತಿದ್ದೆ. ಆ ಸಂಶಯಕ್ಕಾಗಿಯೇ ಅವರು ನನಗೆ ಹಿಡಿಸಿದ್ದರು ಎಂದೂ ಹೇಳುತ್ತಿದ್ದೆ. ಅಲ್ಲಿ ಬಾಯಲ್ಲೇ ಉಳಿದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಿಲ್ಲದವರಿಗೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂಬುದು ನನಗೆ ಗೊತ್ತಾದದ್ದು ಅವರ ಜೊತೆ ಓಡಾಡಿದ ಮೇಲೆ. ಕೆಟ್ಟವರು ಹೇಳುವುದು ಕಡಿಮೆ, ಒಳ್ಳೆಯವರ ಕಾಟವೇ ಹೆಚ್ಚು. ಸೀರೆಗೆ ಮಸಿ ಬಿದ್ದಿದ್ದರೂ "ಛಲೋ ಐತ್ರಿ" ಅನ್ನುತ್ತಾರೆ. ಕಾಲಿಡಲು ಜಾಗವಿಲ್ಲದ ಬಸ್ಸಿಗೆ "ಖಾಲಿ ಐತಿ, ಹತ್ರಿ ಅಕ್ಕೋರ" ಅನ್ನುತ್ತಾರೆ. ಪಾಪ ಎಂದುಕೊಂಡು ಹೇಳುವ ಸುಳ್ಳುಗಳು ಇವೆಲ್ಲ. ಅಕ್ಕೋರಿಗೆ ಆ 'ಪಾಪ' ಅಂದರೆ ಮೈ ಉರಿಯುತ್ತಿತ್ತು. "ಬೆಳ್ಳಗಿರೂದೆಲ್ಲ ಹಾಲಲ್ಲ ಅಂತಾರ. ನನಗ ಬೆಳ್ಳಗ ಅಂದ್ರೇನಂತಾನ ಗೊತ್ತಿಲ್ಲ. ಅದಕ್ಕ ಎಲ್ಲಾನೂ ರುಚಿ ನೋಡತೀನಿ" ಎನ್ನುತ್ತಿದ್ದರು.

ಸಂಜೆ ನಾನು ಜಮಖಂಡಿಯ ಬಸ್ಸಿಗೆ ನಿಂತರೆ ಅವರು ರಬಕವಿಗೆ ಹೋಗಲು ತೇರದಾಳದ ಬಸ್ಸಿಗೆ ನಿಲ್ಲುವರು. ಬಸ್ಸು ಬಂತೆಂದರೆ ಕಂಡಕ್ಟರನನ್ನು "ರಬಕವಿಗೆ ಹೋಗತೈತೇನಪಾ?" ಎಂದು ಕೇಳಿ, ಅವನು ಹೌದೆಂದ ಮೇಲೆ ಕಿಟಕಿಯ ಬಳಿ ಕೂತವರನ್ನು ಕೇಳುವರು. ಒಬ್ಬ ಕಂಡಕ್ಟರ್ ರೇಗಿದ. "ಅಕ್ಕೋರ, ನಾ ಈ ಬಸ್ಸಿನ ಕಂಡಕ್ಟರ ಅದೀನ್ರಿ!"

"ಹೌದಪಾ. ಅದನ್ನೂ ನೀನಽ ಹೇಳಿದಿ" ಎಂದು ಹತ್ತಿ ಕೂತರು. ಬಸ್ಸಿಗೆ ಬಸ್ಸೇ ನಕ್ಕಿತು, ಕಂಡಕ್ಟರನೂ ನಕ್ಕ.

ಅವರದು ರಬಕವಿಯ ನೇಕಾರರ ಮನೆತನ. ಸಣ್ಣವರಿದ್ದಾಗ ಅವ್ವನ ಪಕ್ಕ ಕೂತು ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತುವುದು ಅವರ ಕೆಲಸ. ಎಳೆ ಹರಿದರೆ ತುದಿ ಹುಡುಕಲು ಕಣ್ಣಿದ್ದವರು ದೀಪ ಹಿಡಿದು ಒದ್ದಾಡುವಾಗ ಇವರ ಬೆರಳು ಮೊದಲೇ ಅಲ್ಲಿರುತ್ತಿತ್ತಂತೆ. "ನೀವು ಎಳಿ ಹರದ ಜಾಗಾದಾಗ ಹುಡುಕತೀರಿ. ಹರದಲ್ಲಿ ಏನ ಇರತೈತಿ, ಮಣ್ಣ? ಸರಿ ಇದ್ದಲ್ಲಿಂದ ಎಳಿ ಹಿಡಕೊಂಡು ಬರಬೇಕು" ಎನ್ನುವರು. ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು ಕೈಮಗ್ಗದ್ದೋ ಪವರ್‌ಲೂಮಿನದೋ ಹೇಳಿಬಿಡುವರು. ಅಂಗಡಿಯವರಿಗೆ ಅವರೆಂದರೆ ಅರ್ಧ ಗೌರವ, ಅರ್ಧ ಅಂಜಿಕೆ.

ಇನ್ನು ಅವರ ಕಂಪ್ಯೂಟರಿನ ಮಾತು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಪುಕ್ಕಟೆ ಸಿಗುವಂಥದ್ದು ಎಂದು ನಾನು ಮೊದಲ ದಿನ ಹೇಳಿದ್ದೇ ತಪ್ಪಾಯಿತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನರ ನಡುವೆ ಅಕ್ಕೋರು ಮಾತ್ರ, "ಪುಕ್ಕಟ ಯಾಕ ಕೊಡತಾರ ಬೇ? ಅವರಿಗೇನ ಲಾಭ?" ಎಂದು ತಿಂಗಳುಗಟ್ಟಲೆ ವಿಚಾರಣೆ ನಡೆಸಿದರು. ಕೊನೆಗೆ ಒಪ್ಪಿದ್ದು ಅದರ ದನಿಗಾಗಿ. ಬರೆದದ್ದನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ನೆಗಡಿಯಾದ ಗಂಡಸಿನ ದನಿ ಅದರದು. ಅದನ್ನು ಅಕ್ಕೋರು ಎಷ್ಟು ವೇಗದಲ್ಲಿ ಓಡಿಸುತ್ತಿದ್ದರೆಂದರೆ ನಮಗೆ ಅದು ಕನ್ನಡವೆಂದೇ ಗೊತ್ತಾಗುತ್ತಿರಲಿಲ್ಲ. ಅಕ್ಕೋರು ಮಾತ್ರ ನಡುನಡುವೆ ತಲೆಯಾಡಿಸುತ್ತ ಪಾಠ, ಪ್ರಶ್ನೆಪತ್ರಿಕೆ ಎಲ್ಲ ಟೈಪ್ ಮಾಡುವರು. ಅವರ ಮೇಜಿನ ಮೇಲೆ ಒಂದು ಡಬ್ಬಿ, ಕೀಬೋರ್ಡು, ಎರಡು ಸಣ್ಣ ಸ್ಪೀಕರು ಇಷ್ಟೇ ಇದ್ದವು. ಮಾನಿಟರ್ ಇರಲಿಲ್ಲ. ಅವರಿಗೆ ಅದು ಯಾತಕ್ಕೆ ಬೇಕು?

ಆದರೆ ಸಂಶಯ ಎನ್ನುವುದು ಅವರೊಬ್ಬರ ಸೊತ್ತಾಗಿರಲಿಲ್ಲ. ತೆರೆಯಿಲ್ಲದ ಯಂತ್ರದ ಮುಂದೆ ಕೂತು ಕುಟ್ಟುವ ಹೆಂಗಸಿನ ಮೇಲೆ ಊರಿಗೂ ಸಂಶಯವಿತ್ತು. ಆಕಿಗೆ ಸ್ವಲ್ಪ ಕಾಣತೈತಂತ, ನಾಟಕ ಮಾಡತಾಳ ಎಂದರು ಕೆಲವರು. ಆಕಿ ಏನೂ ಮಾಡೂದಿಲ್ಲ, ಬ್ಯಾರೆಯವರು ಮಾಡಿಕೊಡತಾರ ಎಂದರು ಇನ್ನು ಕೆಲವರು. ಎರಡನೆಯ ಮಾತು ಸಂಸ್ಥೆಯ ಅಧ್ಯಕ್ಷರ ಕಿವಿಗೆ ಬಿತ್ತು. ಬಿದ್ದ ಹೊತ್ತೂ ಎಂಥದ್ದು ನೋಡಿ! ಅಧ್ಯಕ್ಷರ ತಮ್ಮನ ಸೊಸೆ ಅದೇ ವರ್ಷ ಇತಿಹಾಸದಲ್ಲಿ ಎಂ.ಎ. ಮುಗಿಸಿ ಮುಧೋಳದಲ್ಲಿ ಮನೆಯಲ್ಲೇ ಇದ್ದಳು. ಈ ಎರಡಕ್ಕೂ ಸಂಬಂಧವಿತ್ತೆಂದು ನಾನು ಹೇಳುವುದಿಲ್ಲ. ಅಕ್ಕೋರು ಹೇಳುತ್ತಿದ್ದರು.

ಒಂದು ಶುಕ್ರವಾರ ಪ್ರಾಚಾರ್ಯರು ಸ್ಟಾಫ್ ರೂಮಿಗೇ ಬಂದು ಕೂತರು. "ಸೋಮವಾರ ಅಧ್ಯಕ್ಷರು ಬರತಾರ್ರಿ ಅಕ್ಕೋರ. ನೀವು ಕೆಲಸ ಹ್ಯಾಂಗ ಮಾಡತೀರಿ ಅಂತ ಒಮ್ಮೆ ಕಣ್ಣಾರೆ ನೋಡಬೇಕಂತಾರ. ಆಗಲಿಲ್ಲಂದ್ರೂ ಚಿಂತಿ ಬ್ಯಾಡ್ರಿ, ಗ್ರಂಥಾಲಯದಾಗ ಆರಾಮ ಕುಂಡ್ರಬಹುದು. ಪಗಾರ ಏನ ಕಡಿಮಿ ಆಗೂದಿಲ್ಲ" ಎಂದರು. ಅಷ್ಟು ಹೇಳಿ ಎದ್ದು ಹೋದರು. ಗ್ರಂಥಾಲಯದಲ್ಲಿ ಅಕ್ಕೋರು ಏನು ಮಾಡಬೇಕು? ಒಂದಕ್ಷರ ಓದಲಾಗದ ಪುಸ್ತಕಗಳ ನಡುವೆ ದಿನವಿಡೀ ಕೂತು ಎದ್ದು ಬರಬೇಕು, ಅಷ್ಟೆ. ಕ್ಲಾಸು ಹೋದರೆ ಅಕ್ಕೋರು ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಸೋಮವಾರ ಪ್ರಿಂಟ್ ಬರಬೇಕು ಬೇ ಫಿಜಿಕ್ಸ. ಬಾಯಿಲೆ ಹೇಳಿದ್ರ ನಂಬೂದಿಲ್ಲ ಅವರು. ಕೈಯಾಗ ಹಾಳಿ ಕೊಡಬೇಕು" ಎಂದರು ಅಕ್ಕೋರು. ನಾನು ಭೌತಶಾಸ್ತ್ರದವಳು; ನಮ್ಮ ಕಾಲೇಜಿನಲ್ಲಿ ತಂತಿ ಇರುವ ಸಾಮಾನೆಲ್ಲ ಫಿಜಿಕ್ಸಿನವರ ಪಾಲಿಗೆ. ಕಾಲೇಜಿಗೆ ಹೊಸದಾಗಿ ಬಂದ ಪ್ರಿಂಟರನ್ನು ಅವರ ಹಳೆಯ ಲಿನಕ್ಸ್ ಗುರುತಿಸುತ್ತಿರಲಿಲ್ಲ. ಹೊಸ ಆವೃತ್ತಿಗೆ ಏರಿಸಿದರೆ ಆಗುತ್ತದೆ ಎಂದೆ.

"ಇದ್ದದ್ದು ಕೆಡೂದಿಲ್ಲಲ್ಲ?"

"ಇಲ್ರಿ."

ಅವರು ಸಿಪಾಯಿಯನ್ನು ಕರೆದು "ಕೆಡೂದಿಲ್ಲೇನೋ?" ಎಂದು ಕೇಳಿದರು. ಅವನಿಗೇನು ಗೊತ್ತು? ಅವನೂ ಇಲ್ರಿ ಎಂದ.

ಭಾನುವಾರ ಬೆಳಿಗ್ಗೆ ಕಾಲೇಜಿಗೆ ಬಂದೆವು. ಕೆಲಸ ಮಾಡಲು ನನಗೆ ತೆರೆ ಬೇಕಲ್ಲ, ಲ್ಯಾಬಿನಿಂದ ಹೊಸ ಮಾನಿಟರ್ ಒಂದನ್ನು ತಂದು ಜೋಡಿಸಿದೆ. ನಾಳೆ ಅಧ್ಯಕ್ಷರು ಕಣ್ಣಾರೆ ನೋಡಲಿಕ್ಕೂ ಆಯಿತು ಎಂದುಕೊಂಡೆ. ಹೊಸ ಆವೃತ್ತಿ ಇಳಿಯಿತು, ಕೂತಿತು, ಯಂತ್ರ ತಾನೇ ಆರಿ ಹೊತ್ತಿಕೊಂಡಿತು. ತೆರೆಯ ಮೇಲೆ ಚೆಂದದ ಬಣ್ಣ ಬಂತು. ಪ್ರಿಂಟರ್ ಕೂಡ ಸಿಕ್ಕಿತು.

"ಚಾಲೂ ಆತೇನ?" ಎಂದರು ಅಕ್ಕೋರು.

"ಆತ್ರಿ."

"ಮತ್ತ ಮಾತಾಡವಲ್ದು?"

ಹೌದು, ಸಪ್ಪಳವಿಲ್ಲ. ದನಿ ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಯಂತ್ರ ಆರಿಸಿ ಹಚ್ಚಿದೆ. ಓದುವ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಸ್ಪೀಕರ್ ಕೆಟ್ಟಿರಬಹುದೆಂದು ಅಕ್ಕೋರೇ ಅದನ್ನು ಕಿತ್ತು ನನ್ನ ಫೋನಿಗೆ ಹಾಕಿಸಿದರು. ಭಜನೆ ಗಟ್ಟಿಯಾಗಿ ಕೇಳಿತು. ಯಂತ್ರಕ್ಕೆ ಹಾಕಿದರೆ ಮತ್ತೆ ಮೌನ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನ್ನ ಸ್ಥಿತಿ. ಸೆಟ್ಟಿಂಗ್ಸ್ ತೆರೆದೆ. ಅಲ್ಲೊಂದು ಹಸಿರು ಪಟ್ಟಿ, ಅಕ್ಕೋರು ಕೀಲಿ ಒತ್ತಿದಾಗಲೆಲ್ಲ ಏರಿಳಿಯುತ್ತಿತ್ತು. ನನಗೆ ಜೀವ ಬಂದಂತಾಯಿತು.

"ಸಪ್ಪಳ ಬರಾಕತ್ತೈತ್ರಿ ಅಕ್ಕೋರ! ನನಗ ಕಾಣಾಕತ್ತೈತಿ."

ಅವರ ಮುಖ ನಿಧಾನ ನನ್ನತ್ತ ತಿರುಗಿತು. "ಏನಂದಿ? ಸಪ್ಪಳ ಕಾಣಾಕತ್ತೈತಾ?"

"ಹೂಂನ್ರಿ. ಪಟ್ಟಿ ಕುಣಿಯಾಕತ್ತೈತಿ. ಒಳಗ ಮಾತಾಡಾಕತ್ತೈತಿ ಅಂತ ಅರ್ಥ."

"ನಿನಗ ಕಾಣತೈತಿ, ನನಗ ಕೇಳೂದಿಲ್ಲ" ಎಂದು ಅವರು ಸಿಪಾಯಿಯನ್ನು ಕೂಗಿದರು. "ಏನರ ಕೇಳತೈತೇನೋ ನಿನಗ?"

"ಇಲ್ರಿ."

"ಏನರ ಕಾಣತೈತೇನು?"

ಅವನು ಬಗ್ಗಿ ನೋಡಿದ. "ಏನೋ ಹಸರ ಪಟ್ಟಿ ಕುಣಿಯಾಕತ್ತೈತ್ರಿ."

ಎರಡೂ ಉತ್ತರ ಕೂಡಿ ಬಂದಿದ್ದವು. ಆದರೂ ಅವರು ಹೂಂ ಎನ್ನಲಿಲ್ಲ. ಅವನನ್ನು ಹೊರಗೆ ಕಳಿಸಿ, ತಣ್ಣಗಿನ ದನಿಯಲ್ಲಿ ನನ್ನನ್ನು ಕೇಳಿದರು.

"ನಿನ್ನ ಯಾರು ಕಳಸ್ಯಾರ?"

"ಅಂದ್ರ?"

"ಇಷ್ಟ ವರ್ಷ ಮಾತಾಡಿದ್ದು ಇವತ್ತಽ ಯಾಕ ಬಾಯಿ ಮುಚ್ಚತು? ನಾಳೆ ಅವರು ಬರತಾರ, ಇವತ್ತ ನೀ ಕೈ ಹಾಕಿದಿ. ನಾ ಕೇಳಾಕತ್ತೇನಿ, ಹೇಳು."

ರಜೆಯ ದಿನ ಮನೆ ಬಿಟ್ಟು ಜಮಖಂಡಿಯಿಂದ ಬಂದವಳು ನಾನು. ಸಿಟ್ಟಿನಲ್ಲಿ ನಾನೂ ಆಡಿಬಿಟ್ಟೆ. "ನೀವಽ ಏನರ ಒತ್ತೀರೇನ್ರಿ ಮತ್ತ, ನಾಳಿನ ಪರೀಕ್ಷಾ ತಪ್ಪಲಿ ಅಂತ?"

ಅವರು ಕೀಬೋರ್ಡಿನ ಮೇಲಿದ್ದ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡರು. ನಾನು ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋದೆ. ಪಕ್ಕದ ಓಣಿಯಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ನಮ್ಮ ಓಣಿಯವರು ಮಗ್ಗದ ಸಪ್ಪಳದಲ್ಲಿ ಮಲಗುತ್ತಾರೆ, ಅದು ನಿಂತರೆ ಏನಾಯಿತೆಂದು ಎದ್ದು ಹೊರಗೆ ಬರುತ್ತಾರೆ ಎಂದು ಅಕ್ಕೋರು ಹೇಳುತ್ತಿದ್ದದ್ದು ನೆನಪಾಯಿತು. ಸಪ್ಪಳ ನಿಂತರೆ ಅವರಿಗೆ ಎಷ್ಟು ಹೆದರಿಕೆಯಾಗಬೇಡ! ನನ್ನ ಬುತ್ತಿಯೂ ಒಳಗೇ ಉಳಿದಿತ್ತು. ತಿರುಗಿ ಬಂದೆ.

ಅಕ್ಕೋರು ಕುರ್ಚಿಯಲ್ಲಿರಲಿಲ್ಲ. ಮೇಜಿನ ಕೆಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಿದ್ದರು.

"ಯಾರದು?"

"ನಾನ್ರಿ."

"ನಾ ಅಂದ್ರ ಯಾರು?"

"ಫಿಜಿಕ್ಸ್ ರಿ."

"ಬಾ ಇಲ್ಲಿ" ಎಂದರು, ಏನೂ ಆಗದವರಂತೆ. ಸ್ಪೀಕರಿನ ತಂತಿ ಅವರ ಬೆರಳಲ್ಲಿತ್ತು. ಅದನ್ನು ಹಿಡಿದು ಡಬ್ಬಿಯ ಬೆನ್ನಿನ ತನಕ ಬಂದು, ಅಲ್ಲಿಂದ ಒಂದೊಂದೇ ತಂತಿ ಮುಟ್ಟಿದರು. "ಇದು ಕರೆಂಟಿಂದು. ಇದು ಕೀಬೋರ್ಡಿಂದು. ಇದು ಪ್ರಿಂಟರಿಂದು, ಮೊನ್ನೆ ಹಾಕಿದ್ದು. ಈ ದಪ್ಪಂದು ಯಾವುದ ಬೇ? ಇದು ಮೊದಲ ಇರಲಿಲ್ಲ."

"ಮಾನಿಟರಿಂದ್ರಿ. ಅದನ್ನ ಬಿಡ್ರಿ."

"ಯಾಕ ಬಿಡಲಿ? ಇದರಾಗ ಏನ ಹೋಗತೈತಿ?"

"ಚಿತ್ರ ಹೋಗತೈತ್ರಿ. ಚಿತ್ರ, ಸಪ್ಪಳ ಎರಡೂ..." ಎಂದವಳು ಅಲ್ಲೇ ನಿಂತೆ.

"ಆ ಮಾನಿಟರಿಗೆ ಬಾಯಿ ಐತೇನು?"

"ಇಲ್ರಿ."

ಅವರು ಆ ತಂತಿಯನ್ನು ಕಿತ್ತರು. ತೆರೆ ಕಪ್ಪಾಯಿತು. ಎದ್ದು, ಮೇಜು ತಡವಿ, ಒಂದು ಕೀಲಿ ಒತ್ತಿದರು. ನೆಗಡಿಯಾದ ಆ ಗಂಡಸು ಬಡಬಡ ಮಾತಾಡತೊಡಗಿದ. ಸತ್ಯ ಹೇಳುತ್ತೇನೆ, ಅಷ್ಟು ಕೆಟ್ಟ ದನಿ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿರಲಿಲ್ಲ. ಅಕ್ಕೋರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ಕಣ್ಣಿದ್ದೂ ತಿಳಿಯಲಿಲ್ಲ.

ಹೊಸ ಆವೃತ್ತಿ ಮಾನಿಟರನ್ನು ಕಂಡ ಕೂಡಲೇ ದನಿಯನ್ನೆಲ್ಲ ಅದಕ್ಕೆ ಕಳಿಸಲು ಶುರು ಮಾಡಿತ್ತು. ಮಾನಿಟರಿಗೆ ಸ್ಪೀಕರೇ ಇಲ್ಲ. ದನಿ ಹೋಗುತ್ತಿತ್ತು, ಪಟ್ಟಿ ಕುಣಿಯುತ್ತಿತ್ತು, ಕೇಳಲು ಮಾತ್ರ ಏನೂ ಇರಲಿಲ್ಲ. "ಈಗ ಗೊತ್ತಾತಲ್ರಿ, ದನಿ ಎಲ್ಲಿ ಹೋಗಬೇಕಂತ ಸೆಟ್ಟಿಂಗ್ಸಿನಾಗ ಆರಿಸಿ ಬಿಡತೀನಿ. ಮಾನಿಟರೂ ಇರತೈತಿ, ಸಪ್ಪಳಾನೂ ಬರತೈತಿ" ಎಂದೆ.

"ಬ್ಯಾಡ" ಎಂದರು.

"ಅಧ್ಯಕ್ಷರು ನೋಡಬೇಕಲ್ರಿ?"

"ಬ್ಯಾಡಂದ್ನಲ್ಲ. ತೆರಿ ಇದ್ರ ಕಣ್ಣಿದ್ದವರು ಯಾರೋ ಮಾಡಿಕೊಟ್ಟಾರ ಅಂತಾರ. ತೆರೀನಽ ಇರದಿದ್ರ ಯಾವ ಕಣ್ಣಿನವರು ಬಂದು ಏನ ಮಾಡತಾರ? ತಗೊಂಡ ಹೋಗು ಅದನ್ನ. ನಾಳೆ ನೀನೂ ಒಳಗ ಬರಬ್ಯಾಡ."

ಬರಬ್ಯಾಡ ಎಂದದ್ದಕ್ಕೆ ನನಗೆ ಬೇಸರವಾಯಿತು. ಆದರೆ ಲೆಕ್ಕ ಸರಿ ಇತ್ತು.

ಸೋಮವಾರ ನಾನು ಜಗುಲಿಯ ಕಿಟಕಿಯಲ್ಲಿ ನಿಂತು ನೋಡಿದೆ. ಅಧ್ಯಕ್ಷರು, ಪ್ರಾಚಾರ್ಯರು ಕುರ್ಚಿ ಎಳೆದು ಕೂತರು. ಅಧ್ಯಕ್ಷರು ಮೇಜನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಅಲ್ರಿ, ಏನೂ ಕಾಣವಲ್ದಲ್ಲ ಇಲ್ಲಿ?" ಎಂದರು.

"ಹೌದ್ರಿ, ಯಾರಿಗೂ ಕಾಣೂದಿಲ್ರಿ" ಎಂದರು ಅಕ್ಕೋರು. "ನಿಮಗ ಬೇಕಾದ ಪಾಠ ಹೇಳ್ರಿ. ಇಲ್ಲೇ ಪ್ರಶ್ನೆ ತೆಗೀತೀನಿ."

ಅಧ್ಯಕ್ಷರು ಆದಿಲಶಾಹಿಗಳ ಪಾಠ ಎಂದರು. ಅಕ್ಕೋರ ಬೆರಳು ಓಡಿತು, ದನಿ ಬಡಬಡಿಸಿತು. "ಏನ ಮಾತಾಡತೈತ್ರಿ ಇದು? ಕನ್ನಡ ಹೌದೋ ಅಲ್ಲೋ?" ಎಂದು ಅಧ್ಯಕ್ಷರು ಕೇಳಿದರು. ಅಕ್ಕೋರು ವೇಗ ಇಳಿಸಿದರು. ಆಗ ಅದು ಒಂದೊಂದೇ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಓದಿತು. ಅಷ್ಟಕ್ಕೂ ಸಮಾಧಾನವಾಗದೆ ಅಧ್ಯಕ್ಷರು ಪ್ರಾಚಾರ್ಯರಿಗೆ ಕಣ್ಸನ್ನೆ ಮಾಡಿದರು. ಪ್ರಾಚಾರ್ಯರು, ಆ ದೊಡ್ಡ ಹೊಟ್ಟೆ ಹೊತ್ತವರು, ಬಗ್ಗಿ ಮೇಜಿನ ಕೆಳಗೆ ಯಾರಾದರೂ ಅಡಗಿ ಕೂತಿದ್ದಾರೋ ಎಂದು ನೋಡಿದರು!

"ಸಿಕ್ಕರೇನ್ರಿ ಯಾರರ?" ಎಂದರು ಅಕ್ಕೋರು. ಕುರ್ಚಿಯ ಕಿರುಗುಟ್ಟುವಿಕೆ ಕೇಳಿಯೇ ಗೊತ್ತಾಗಿತ್ತು ಅವರಿಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಪ್ರಾಚಾರ್ಯರು ಎದ್ದು ಕೂತರು. ಪ್ರಿಂಟರಿನಿಂದ ಹಾಳೆ ಬಂತು. ಅಧ್ಯಕ್ಷರು ಅದನ್ನು ಎರಡು ಸಲ ಓದಿದರು, ಬೆಳಕಿಗೆ ಹಿಡಿದೂ ನೋಡಿದರು. ಕೊನೆಗೆ "ಚಾ ತರಸ್ರಿ" ಎಂದರು. ಗ್ರಂಥಾಲಯದ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಅಕ್ಕೋರು ನಿವೃತ್ತಿಯ ಹಿಂದಿನ ದಿನದ ತನಕ ಕ್ಲಾಸು ತೆಗೆದುಕೊಂಡರು.

ಭಾನುವಾರ ಆಡಿದ ಮಾತಿಗೆ ಅವರು ನನ್ನ ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಂಗಳವಾರದಿಂದ ಮತ್ತೆ ಗಂಟೆ ಎಷ್ಟು ಎಂದು ಮೊದಲು ನನ್ನನ್ನು, ಆಮೇಲೆ ಸಿಪಾಯಿಯನ್ನು ಕೇಳುವುದು ನಡೆದೇ ಇತ್ತು. ವರ್ಷಗಟ್ಟಲೆ ನಡೆಯಿತು. ಅವರಿಗೆ ನನ್ನ ಮೇಲೆ ಸಂಶಯ ಹೋಯಿತೋ ಇಲ್ಲವೋ ಎಂಬ ಸಂಶಯ ನನಗೆ ಉಳಿದೇ ಹೋಗಿತ್ತು.

ಬೀಳ್ಕೊಡುಗೆಯ ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಮೈಕು ಪರೀಕ್ಷೆ ನಡೆದಿತ್ತು.

"ಫಿಜಿಕ್ಸ, ಸೀರಿ ಹ್ಯಾಂಗ ಕಾಣತೈತಿ?"

ನೋಡಿದೆ. ದಿನ ಎಂಥದ್ದು! ಆದರೂ ಹೇಳಿದೆ. "ಸೀರಿ ಛಲೋ ಐತ್ರಿ. ಜಂಪರ ಕೂಡಿಲ್ಲ. ಸೀರಿ ನೀಲಿ ಐತಿ, ಜಂಪರ ಗಿಳಿಹಸರ."

"ತಮ್ಮನ ಹೇಣ್ತಿ ತಗದ ಕೊಟ್ಳು. ಭಾಳ ಛಲೋ ಕೂಡೇತಿ ಅಂದ್ಳು."

ಎರಡು ಉತ್ತರ, ಎರಡೂ ಬೇರೆ. ಇನ್ನು ಮೂರನೆಯವರು ಬೇಕು. ಅಷ್ಟರಲ್ಲಿ ಬಾಗಿಲ ಹೊರಗೆ ಸಿಪಾಯಿಯ ಚಪ್ಪಲಿ ಸಪ್ಪಳವಾಯಿತು. ಅದು ಯಾರ ಹೆಜ್ಜೆಯೆಂದು ಅವರಿಗೆ ನನಗಿಂತ ಮೊದಲೇ ತಿಳಿಯುತ್ತಿತ್ತು. ಕರೆಯುತ್ತಾರೆಂದು ನಾನು ಕಾದೆ. ಹೆಜ್ಜೆ ಬಾಗಿಲು ದಾಟಿತು, ದೂರವಾಯಿತು.

"ಸೆರಗ ಮೈತುಂಬ ಹೊದ್ದಕೊಂಡ್ರ ಜಂಪರ ಕಾಣೂದಿಲ್ಲಲ್ಲ?" ಎಂದರು.

"ಇಲ್ರಿ."

ಅಕ್ಕೋರು ಸೆರಗನ್ನು ಎರಡೂ ಹೆಗಲಿಗೆ ಎಳೆದುಕೊಂಡು, ನನ್ನ ಮೊಣಕೈ ಹಿಡಿದು, "ನಡಿ" ಎಂದರು.